ಅಮ್ಮನ ಮೊಣಕಾಲು, ವಾಷಿಂಗ್ಟನ್ನಿನ ಎರಡು ಮೈಲಿ

ಪ್ರಶ್ನೆ: ನಾವು ನಾರ್ತ್ ಕ್ಯಾರೊಲಿನಾದ ರಾಲಿಯಲ್ಲಿದ್ದೇವೆ. ದಾವಣಗೆರೆಯಿಂದ ಅಪ್ಪ, ಅಮ್ಮ ಬಂದಿದ್ದಾರೆ. ಜೂನ್ ಕೊನೆಯಲ್ಲಿ ಕಾರಿನಲ್ಲಿ ನಯಾಗರಕ್ಕೆ ಹೊರಟಿದ್ದೇವೆ. ದಾರಿಯಲ್ಲಿ ಶುಕ್ರವಾರದಿಂದ ಭಾನುವಾರ ಬೆಳಿಗ್ಗೆಯವರೆಗೆ ವಾಷಿಂಗ್ಟನ್‌ನಲ್ಲಿ ಉಳಿಯುವ ಯೋಚನೆ. ಅಪ್ಪನಿಗೆ 71 ವರ್ಷ, ಚೆನ್ನಾಗಿ ನಡೆಯುತ್ತಾರೆ. ಅಮ್ಮನಿಗೆ ಮೊಣಕಾಲು ನೋವು. ಒಂಬತ್ತು ವರ್ಷದ ಮಗಳಿದ್ದಾಳೆ. ನಕ್ಷೆಯಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ ಹತ್ತಿರ ಹತ್ತಿರ ಕಾಣುತ್ತವೆ. ಕಾರನ್ನು ಒಂದು ಕಡೆ ನಿಲ್ಲಿಸಿ, ನಡೆದೇ ಎಲ್ಲ ನೋಡಿ ಮುಗಿಸಬಹುದೇ?

ಉತ್ತರ: ‘ಹತ್ತಿರ ಹತ್ತಿರ’ ಎಂದಿರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಈ ಊರಿಗೆ ಬಂದವರೆಲ್ಲ ಮೋಸ ಹೋಗುವುದು ಆ ಒಂದು ವಿಷಯದಲ್ಲಿ. ಪೂರ್ವಕ್ಕೆ ಸಂಸತ್ತು ಸೇರುವ ಕ್ಯಾಪಿಟಲ್, ಪಶ್ಚಿಮಕ್ಕೆ ಲಿಂಕನ್ ಸ್ಮಾರಕ, ನಡುವೆ ನ್ಯಾಷನಲ್ ಮಾಲ್ ಎನ್ನುವ ಉದ್ದನೆಯ ಹುಲ್ಲುಬಯಲು. (ಮಾಲ್ ಎಂದರೆ ಇಲ್ಲಿ ಅಂಗಡಿ ಸಾಲಲ್ಲ. ಹಾಗೆಂದುಕೊಂಡು ಪರ್ಸು ಹಿಡಿದು ಬಂದ ನನ್ನ ಅತ್ತಿಗೆಯ ಮುಖ ನೆನಪಾದರೆ ಈಗಲೂ ನಗು ಬರುತ್ತದೆ.) ಈ ತುದಿಯಿಂದ ಆ ತುದಿಗೆ ಸುಮಾರು ಎರಡು ಮೈಲಿ, ಅಂದರೆ ಮೂರು ಕಿಲೋಮೀಟರ್. ನಡುವೆ 555 ಅಡಿ ಎತ್ತರದ ವಾಷಿಂಗ್ಟನ್ ಸ್ತಂಭ. ಎಲ್ಲಿ ನಿಂತರೂ ಅದು ಕಣ್ಣೆದುರಿಗೇ ಇರುತ್ತದೆ, ‘ಇದೋ ಬಂತು’ ಎನ್ನಿಸುತ್ತದೆ, ಬರುವುದಿಲ್ಲ. ಬಯಲುಸೀಮೆಯಲ್ಲಿ ಗುಡ್ಡದ ಮೇಲಿನ ಗುಡಿ ಹೊತ್ತಿಗೆ ಮೊದಲೇ ಕಂಡು ಕಾಲನ್ನು ಸತಾಯಿಸುತ್ತದಲ್ಲ, ಹಾಗೆ. ಇದಕ್ಕೊಂದು ಕಾರಣವೂ ಇದೆ. ಇಲ್ಲಿ ಕಟ್ಟಡದ ಎತ್ತರಕ್ಕೆ 1910ರ ಕಾನೂನೊಂದು ಮಿತಿ ಹಾಕಿದೆ. ಎದುರಿನ ರಸ್ತೆಯ ಅಗಲಕ್ಕಿಂತ ಇಪ್ಪತ್ತು ಅಡಿಗೂ ಮೇಲೆ ಕಟ್ಟುವಂತಿಲ್ಲ. ಗಗನಚುಂಬಿಗಳಿಲ್ಲದ ಊರಿನಲ್ಲಿ ದೂರವನ್ನು ಅಳೆಯಲು ಕಣ್ಣಿಗೆ ಯಾವ ಆಸರೆಯೂ ಇರುವುದಿಲ್ಲ.

ಹೋಗಿ ಬರಲು ನಾಲ್ಕು ಮೈಲಿ, ವಸ್ತುಸಂಗ್ರಹಾಲಯಗಳ ಒಳಗೆ ಅರಿವಿಲ್ಲದೆ ನಡೆಯುವುದು ಇನ್ನೆರಡು ಮೂರು ಮೈಲಿ. ಜೂನ್ ಕೊನೆಯ ಬಿಸಿಲು ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಅಂಥ ಸೋಲುವುದಿಲ್ಲ, ಜೊತೆಗೆ ಮಂಗಳೂರಿನ ಸೆಕೆ. ಆದ್ದರಿಂದ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಇಲ್ಲ, ನಡೆದೇ ಎಲ್ಲ ನೋಡಿ ಮುಗಿಸಲಾಗದು. ಆದರೆ ನೋಡಬೇಕಾದ್ದನ್ನು ನಡೆದೇ ನೋಡಬಹುದು, ಎರಡು ಮೈಲಿಯನ್ನು ಎರಡು ತುಂಡು ಮಾಡಿಕೊಂಡರೆ. ಪಶ್ಚಿಮದ ತುಂಡು ಒಂದು ಸಂಜೆಗೆ, ಪೂರ್ವದ್ದು ಮರುದಿನ ಬೆಳಿಗ್ಗೆಗೆ. ನಡುವಿನ ದೂರಕ್ಕೆ ಟ್ಯಾಕ್ಸಿ. ಅಳತೆಗೋಲು ನಿಮ್ಮ ಅಮ್ಮನ ಮೊಣಕಾಲು, ಅಪ್ಪನ ಉತ್ಸಾಹವಲ್ಲ.

ನಾನು ಇದನ್ನು ಕಲಿತದ್ದು ಕೆಟ್ಟ ಮೇಲೆಯೇ. ಇಪ್ಪತ್ತು ವರ್ಷಗಳ ಹಿಂದೆ, ಮೇರಿಲ್ಯಾಂಡಿಗೆ ಬಂದ ಹೊಸತರಲ್ಲಿ, ಜುಲೈ ಮಧ್ಯಾಹ್ನ ಮಾವನವರನ್ನೂ ಅತ್ತೆಯವರನ್ನೂ ಕ್ಯಾಪಿಟಲ್‌ನಿಂದ ಸಾಲಾಗಿ ನಡೆಸಿಕೊಂಡು ಹೊರಟೆ. ಅರ್ಧ ದಾರಿಯಲ್ಲಿ ಮಾವ ಎಲ್ಮ್ ಮರದ ಕೆಳಗಿನ ಬೆಂಚಿನ ಮೇಲೆ ಕುಳಿತುಬಿಟ್ಟರು. ‘ಇಲ್ಲಿಂದಲೇ ಕಾಣುತ್ತದಲ್ಲ, ಹತ್ತಿರ ಹೋಗಿ ಇನ್ನೇನು ನೋಡುವುದು?’ ಎಂದರು. ಆಗ ನನಗೆ ಸಿಟ್ಟು ಬಂದಿತ್ತು. ಈಗ ಅವರು ಹೇಳಿದ್ದು ಸರಿ ಎನ್ನಿಸುತ್ತದೆ. 1791ರಲ್ಲಿ ಪಿಯರ್ ಲಾಂಫಾಂ ಎಂಬ ಫ್ರೆಂಚ್ ಎಂಜಿನಿಯರ್ ಈ ಊರಿನ ನಕ್ಷೆ ಹಾಕಿದ್ದೇ ದೂರದಿಂದ ನೋಡಲಿ ಎಂದು. ಓರೆಯಾಗಿ ಹಾಯುವ ಅಗಲದ ರಸ್ತೆಗಳ ತುದಿಯಲ್ಲೆಲ್ಲ ಏನಾದರೊಂದು ಕಾಣುತ್ತದೆ. ಹಾಗಾಗಿ ಕೂರುವುದೂ ಇಲ್ಲಿ ನೋಡುವ ಒಂದು ಬಗೆ, ನಾಚಿಕೆ ಬೇಡ.

ಮೊದಲು ಕಾರಿನ ವಿಚಾರ. ಊರೊಳಗೆ ಅದನ್ನು ತರಲೇಬೇಡಿ. ಮಾಲ್ ಪಕ್ಕದ ರಸ್ತೆಗಳಲ್ಲಿ ಮೀಟರ್ ಇದೆ, ಜಾಗ ಇಲ್ಲ. ವೇಗದ ಕ್ಯಾಮೆರಾಗಳು ಹೆಜ್ಜೆಗೊಂದು. ಮಿತಿಗಿಂತ ಹನ್ನೊಂದು ಮೈಲಿ ಮೀರಿದರೆ ನೂರು ಡಾಲರಿನ ಚೀಟಿ ರಾಲಿಯ ಮನೆಗೇ ಬರುತ್ತದೆ. ಕೆಲವು ರಸ್ತೆಗಳು, ರಾಕ್ ಕ್ರೀಕ್ ಪಾರ್ಕ್‌ವೇಯಂಥವು, ಕಚೇರಿ ಹೊತ್ತಿನಲ್ಲಿ ಇದ್ದಕ್ಕಿದ್ದಂತೆ ಏಕಮುಖವಾಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರವಾಸದ ಕಾರೆಂದರೆ ಹಿಂದಿನ ಸೀಟಿನ ತನಕ ಸೂಟ್‌ಕೇಸ್ ತುಂಬಿರುತ್ತದೆ. ಬೇರೆ ರಾಜ್ಯದ ನಂಬರ್ ಪ್ಲೇಟು, ಒಳಗೆ ಕಾಣುವ ಸಾಮಾನು: ಗಾಜು ಒಡೆಯುವವರಿಗೆ ಇಷ್ಟು ಸಾಕು. ಒಮ್ಮೆ ನನ್ನ ಅತಿಥಿಗಳ ಪಾಸ್‌ಪೋರ್ಟುಗಳೇ ಹಾಗೆ ಹೋಗಿ, ನಯಾಗರದ ಬದಲು ರಾಯಭಾರ ಕಚೇರಿಯ ಸಾಲಿನಲ್ಲಿ ನಿಂತಿದ್ದಾಯಿತು. ಸಾಮಾನು ಹೋಟೆಲಿನಲ್ಲಿ ಇಳಿದ ಮೇಲೆಯೇ ಊರು.

ಹೋಟೆಲನ್ನು ಊರಿನ ಉತ್ತರಕ್ಕೆ, ಮೆಟ್ರೋದ ಕೆಂಪು ಮಾರ್ಗದ ರಾಕ್‌ವಿಲ್ ಅಥವಾ ಶೇಡಿ ಗ್ರೋವ್ ಕಡೆ ಹಿಡಿಯಿರಿ. ದಕ್ಷಿಣದಿಂದ ಬರುವ ನಿಮಗೆ ವರ್ಜೀನಿಯಾದ ಹೋಟೆಲುಗಳು ಮೊದಲು ಸಿಗುತ್ತವೆ, ನಿಜ. ಆದರೆ ಭಾನುವಾರ ನೀವು ಹಿಡಿಯಬೇಕಾದ ಹೆದ್ದಾರಿ ಐ-270. ಅದು ರಾಕ್‌ವಿಲ್ ಬಾಗಿಲಲ್ಲೇ ಹಾಯುತ್ತದೆ. ಆ ಕಡೆ ಇಡ್ಲಿ, ದೋಸೆಯ ಹೋಟೆಲುಗಳೂ ಇವೆ. ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದ ಹೋಟೆಲಾದರೆ ಉತ್ತಮ, ಇಲ್ಲವಾದರೆ ಕಾರನ್ನು ಮೆಟ್ರೋ ನಿಲ್ದಾಣದ ಗ್ಯಾರೇಜಿನಲ್ಲಿ ಬಿಡಿ. ಶನಿವಾರ, ಭಾನುವಾರ ಅಲ್ಲಿ ಪಾರ್ಕಿಂಗ್ ಉಚಿತ. ಮೆಟ್ರೋಗೆ ಈಗ ಬೇರೆ ಕಾರ್ಡು ಬೇಕಿಲ್ಲ, ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತಾಗಿಸಿದರಾಯಿತು, ಆದರೆ ಒಬ್ಬೊಬ್ಬರಿಗೆ ಒಂದೊಂದು ಕಾರ್ಡು ಇಟ್ಟುಕೊಳ್ಳಿ. ರೈಲಿನೊಳಗೆ ತಿನ್ನುವುದು, ಕುಡಿಯುವುದು ನಿಷಿದ್ಧ. ಅಮ್ಮ ಚೀಲದಿಂದ ಡಬ್ಬಿ ತೆಗೆಯುವ ಮೊದಲೇ ಇದನ್ನು ಹೇಳಿಬಿಡಿ.

ಶುಕ್ರವಾರ ಬೆಳಗಿನ ಜಾವ ಐದಕ್ಕೇ ರಾಲಿ ಬಿಡಿ. ಫ್ರೆಡರಿಕ್ಸ್‌ಬರ್ಗ್‌ನಿಂದ ಈಚೆಗೆ ಐ-95 ಎಂಬುದು ರಸ್ತೆಯಲ್ಲ, ಸಹನೆಯ ಪರೀಕ್ಷೆ. ಅಲ್ಲಿ ನಡುವೆ ಸುಂಕದ ಎಕ್ಸ್‌ಪ್ರೆಸ್ ಲೇನುಗಳಿವೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ ಉತ್ತರಕ್ಕೆ, ಮಧ್ಯಾಹ್ನದ ಮೇಲೆ ದಕ್ಷಿಣಕ್ಕೆ ತಿರುಗುತ್ತವೆ. ಬೆಳಿಗ್ಗೆಯೇ ಬಂದರೆ ಅವು ನಿಮ್ಮ ಕಡೆ. ಕಾರಿನಲ್ಲಿ ಮೂವರು ಅಥವಾ ಹೆಚ್ಚು ಜನರಿದ್ದು, ಇ-ಝಡ್‌ಪಾಸ್ ಫ್ಲೆಕ್ಸ್ ಎಂಬ ಸಾಧನದ ಗುಂಡಿಯನ್ನು ‘ಹೆಚ್ಚು ಜನ’ದ ಕಡೆಗೆ ಸರಿಸಿದ್ದರೆ ಸುಂಕವಿಲ್ಲ. ನೀವು ಐವರು. ಸಾಮಾನ್ಯ ಇ-ಝಡ್‌ಪಾಸ್ ಆದರೆ ದುಡ್ಡು ಕತ್ತರಿಸುತ್ತದೆ, ಅದೂ ದಟ್ಟಣೆ ಹೆಚ್ಚಿದಂತೆ ಏರುವ ದರದಲ್ಲಿ. ಹನ್ನೊಂದರ ಹೊತ್ತಿಗೆ ಹೋಟೆಲ್ ತಲುಪಿ, ಊಟ ಮಾಡಿ, ಎಲ್ಲರೂ ಎರಡು ತಾಸು ಮಲಗಿ. ‘ಇಷ್ಟು ದೂರ ಬಂದು ಮಲಗುವುದೇ?’ ಎಂದು ಅಪ್ಪ ಕೇಳಬಹುದು. ಮಲಗಿಸಿ.

ಹೊರಡುವ ಮೊದಲು ಊರಿನ ವಿಳಾಸದ ಗುಟ್ಟೊಂದನ್ನು ತಿಳಿದುಕೊಳ್ಳಿ. ಕ್ಯಾಪಿಟಲ್ ಅನ್ನು ನಡುವೆ ಇಟ್ಟು ಊರನ್ನು ನಾಲ್ಕು ಪಾಲು ಮಾಡಿದ್ದಾರೆ: ವಾಯವ್ಯ, ಈಶಾನ್ಯ, ಆಗ್ನೇಯ, ನೈರುತ್ಯ. ಉತ್ತರ-ದಕ್ಷಿಣದ ಬೀದಿಗಳಿಗೆ ಅಂಕಿ, ಪೂರ್ವ-ಪಶ್ಚಿಮದ ಬೀದಿಗಳಿಗೆ ಅಕ್ಷರ, ಓರೆಯವಕ್ಕೆ ರಾಜ್ಯಗಳ ಹೆಸರು. ಹೀಗಾಗಿ 4ನೆಯ ಬೀದಿಯೂ ಸಿ ಬೀದಿಯೂ ಕೂಡುವ ಮೂಲೆ ಊರಿನಲ್ಲಿ ಒಂದಲ್ಲ, ನಾಲ್ಕು. ವಿಳಾಸದ ಕೊನೆಯ ಎರಡಕ್ಷರ, ಎನ್‌ಡಬ್ಲ್ಯೂ ಅಥವಾ ಎಸ್‌ಇ, ಬಿಟ್ಟರೆ ಚಾಲಕ ಎಲ್ಲಿಗೆ ಬೇಕಾದರೂ ಒಯ್ಯಬಹುದು. ನಾನೇ ಒಮ್ಮೆ ಬಿಟ್ಟು, ಊಟಕ್ಕೆ ಕರೆದ ಆರು ಜನರನ್ನು ಊರಿನ ಇನ್ನೊಂದು ಮೂಲೆಗೆ ಕಳಿಸಿದ್ದೇನೆ. ವಾಸ್ತು ನೋಡುವ ನಮ್ಮ ಹಿರಿಯರಿಗೆ ಈ ಲೆಕ್ಕ ನಮಗಿಂತ ಬೇಗ ಹತ್ತುತ್ತದೆ.

ಸಂಜೆ ಆರರ ಹೊತ್ತಿಗೆ ಕೆಂಪು ಮಾರ್ಗದಲ್ಲಿ ಫ್ಯಾರಗಟ್ ನಾರ್ತ್‌ಗೆ ಬನ್ನಿ. ಲಿಂಕನ್ ಸ್ಮಾರಕದ ಹತ್ತಿರ ಯಾವ ಮೆಟ್ರೋ ನಿಲ್ದಾಣವೂ ಇಲ್ಲ. ಹಳೆಯ ಪ್ರವಾಸ ಬರಹಗಳಲ್ಲಿ ಸರ್ಕ್ಯುಲೇಟರ್ ಎಂಬ ಕೆಂಪು ಬಸ್ಸಿನ ವರ್ಣನೆ ಇರುತ್ತದೆ. ಅದು 2024ರ ಕೊನೆಗೆ ನಿಂತುಹೋಯಿತು, ಕಾಯಬೇಡಿ. ಟ್ಯಾಕ್ಸಿ ಹಿಡಿಯಿರಿ, ಐವರಾದ್ದರಿಂದ ದೊಡ್ಡದನ್ನೇ ಕರೆಯಿರಿ. ಇಳಿಯಬೇಕಾದ ಜಾಗ: ಕಾನ್‌ಸ್ಟಿಟ್ಯೂಷನ್ ಅವೆನ್ಯೂ ಮತ್ತು 22ನೆಯ ಬೀದಿ, ವಾಯವ್ಯ.

ಅಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಅಂಗಳದ ಮರಗಳ ನಡುವೆ ಕಂಚಿನ ಐನ್‌ಸ್ಟೈನ್ ಕುಳಿತಿದ್ದಾನೆ, 1979ರಿಂದ. ಹನ್ನೆರಡು ಅಡಿಯ ಮೂರ್ತಿ, ಕೆದರಿದ ತಲೆ, ಕೈಯಲ್ಲಿ ಅವನ ಮೂರು ಸಮೀಕರಣಗಳು. ನಿಮ್ಮ ಮಗಳನ್ನು ಅವನ ತೊಡೆಯ ಮೇಲೆ ಹತ್ತಿಸಿ. ಯಾರೂ ಬೈಯುವುದಿಲ್ಲ, ಸಾವಿರಾರು ಮಕ್ಕಳು ಹತ್ತಿ ಹತ್ತಿ ಅವನ ಮೊಣಕಾಲು ಮಿರಮಿರ ಹೊಳೆಯುತ್ತದೆ. ಕಾಲ ಬಳಿಯ ಕಲ್ಲಿನಲ್ಲಿ ನಕ್ಷತ್ರಗಳ ನಕ್ಷೆಯಿದೆ, 2,700ಕ್ಕೂ ಹೆಚ್ಚು ಲೋಹದ ಬೊಟ್ಟುಗಳು. ಮಗಳಿಗೆ ಮೊದಲೇ ಒಂದು ಗೆಲುವು ಕೊಟ್ಟುಬಿಟ್ಟರೆ ಮುಂದಿನ ಒಂದು ತಾಸು ಅವಳು ದೊಡ್ಡವರ ಸಾವುನೋವಿನ ಸ್ಮಾರಕಗಳನ್ನು ತಾಳಿಕೊಳ್ಳುತ್ತಾಳೆ.

ರಸ್ತೆ ದಾಟಿದರೆ ವಿಯೆಟ್ನಾಂ ಯೋಧರ ಸ್ಮಾರಕ. ಇಡೀ ಊರಿನಲ್ಲಿ ಒಂದನ್ನೇ ನೋಡಲು ಹೊತ್ತಿದೆ ಎಂದರೆ ನಾನು ಕರೆದೊಯ್ಯುವುದು ಇಲ್ಲಿಗೆ. ಅದಕ್ಕೆ ಕಾರಣ ಅದರ ಕಲ್ಲು. ಆ ಕಪ್ಪು ಗ್ರಾನೈಟು ಬೆಂಗಳೂರಿನ ಕಡೆಯದು. ಅಲ್ಲಿಂದ ಹಡಗಿನಲ್ಲಿ ಬಂದ ಕಲ್ಲನ್ನು ವರ್ಮಾಂಟ್ ರಾಜ್ಯದ ಬ್ಯಾರಿ ಎಂಬಲ್ಲಿ ಸೀಳಿ ನುಣುಪು ಮಾಡಿ, ಟೆನೆಸ್ಸಿಯ ಮೆಂಫಿಸ್‌ನಲ್ಲಿ ಹೆಸರುಗಳನ್ನು ಕೊರೆದರು. 1982ರ ನವೆಂಬರ್‌ನಲ್ಲಿ ಸ್ಮಾರಕ ತೆರೆಯಿತು. ವಿನ್ಯಾಸ ಮಾಡಿದವರು ಮಾಯಾ ಲಿನ್, 1981ರ ಸ್ಪರ್ಧೆಯ ಹೊತ್ತಿಗೆ ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ 21 ವರ್ಷದ ಹುಡುಗಿ. ಬಂದಿದ್ದ 1,421 ವಿನ್ಯಾಸಗಳಲ್ಲಿ ಅವರದ್ದು ಆಯ್ಕೆಯಾಯಿತು. ಬಿಳಿಯ ಅಮೃತಶಿಲೆಯ ಈ ಊರಿನಲ್ಲಿ ಕಪ್ಪು ಗೋಡೆಯೇ, ಅದೂ ನೆಲದೊಳಗೆ ಇಳಿದಂತಿರುವುದೇ ಎಂದು ಆಗ ದೊಡ್ಡ ಜಗಳವೇ ಆಗಿತ್ತು. ಕಲ್ಲಿಗೆ ಕನ್ನಡಿಯ ಗುಣ ಬೇಕಿತ್ತು, ಅದಕ್ಕೇ ಈ ಕಲ್ಲು.

ಅಮ್ಮನಿಗೆ ಇಲ್ಲಿ ಒಂದೂ ಮೆಟ್ಟಿಲಿಲ್ಲ. ದಾರಿ ಮೆಲ್ಲಗೆ ಇಳಿಯುತ್ತ ಹೋಗುತ್ತದೆ. ಮೊದಲು ಗೋಡೆ ಹಿಮ್ಮಡಿಯ ಎತ್ತರ, ನಾಲ್ಕೈದು ಹೆಸರು. ಹೆಜ್ಜೆ ಹಾಕಿದಂತೆ ಅದು ಮೊಣಕಾಲಿಗೆ, ಎದೆಗೆ, ತಲೆಗೆ ಬಂದು, ಎರಡು ರೆಕ್ಕೆಗಳು ಕೂಡುವಲ್ಲಿ ಹತ್ತಡಿಯಾಗಿ ನಿಲ್ಲುತ್ತದೆ. 58,000ಕ್ಕೂ ಹೆಚ್ಚು ಹೆಸರು. ಅಕಾರಾದಿಯಾಗಿ ಅಲ್ಲ, ಸತ್ತ ದಿನದ ಕ್ರಮದಲ್ಲಿ. ಎಣಿಕೆ ಶುರುವಾಗುವುದು ನಡುವಿನ ಮೂಲೆಯಲ್ಲಿ. ಪೂರ್ವದ ತುದಿಗೆ ಹೋಗಿ, ಪಶ್ಚಿಮದ ತುದಿಯಿಂದ ಮತ್ತೆ ಹೊರಟು, ಅದೇ ಮೂಲೆಗೆ ಬಂದು ಮುಗಿಯುತ್ತದೆ. ಮೊದಲು ಸತ್ತವರೂ ಕೊನೆಗೆ ಸತ್ತವರೂ ಅಕ್ಕಪಕ್ಕ. ಹೆಸರಿನ ಪಕ್ಕದ ವಜ್ರದ ಗುರುತು ಸತ್ತದ್ದು ಖಚಿತ ಎಂದು ಹೇಳುತ್ತದೆ, ಶಿಲುಬೆಯಂಥ ಗುರುತು ಸಿಗದೆ ಹೋದವರದ್ದು. ಒಂದು ರೆಕ್ಕೆ ವಾಷಿಂಗ್ಟನ್ ಸ್ತಂಭದತ್ತ, ಇನ್ನೊಂದು ಲಿಂಕನ್ ಸ್ಮಾರಕದತ್ತ ಬೆರಳು ತೋರಿಸುತ್ತದೆ. ನಡುವಿನ ಮೂಲೆಯಲ್ಲಿ ನಿಂತರೆ ಎರಡೂ ಕಾಣುತ್ತವೆ.

ಬೆಳಕಿರುವಾಗಲೇ ಹೋಗಿ. ಹೆಸರುಗಳನ್ನು ಓದಲು ಬಾಗಿದರೆ ಅವುಗಳ ಹಿಂದೆ ನಿಮ್ಮ ಮುಖ, ಬೆನ್ನ ಹಿಂದಿನ ಮರ, ಮೋಡ. ಸ್ವಲ್ಪ ಹೊತ್ತಿನ ಮೇಲೆ ಹೆಸರು ಮುಂದಿದೆಯೋ ಮುಖ ಮುಂದಿದೆಯೋ ತಿಳಿಯುವುದಿಲ್ಲ. ನಮ್ಮ ಅಡುಗೆಮನೆಯ ಕಟ್ಟೆಯ ಕಲ್ಲಿನಲ್ಲೂ ಮುಖ ಕಾಣುತ್ತದೆ, ಯಾರೂ ಬಾಗಿ ನೋಡುವುದಿಲ್ಲ. ಚಾಮರಾಜನಗರದ ಕಡೆ ಕ್ವಾರಿಯ ಲೆಕ್ಕಪತ್ರ ನೋಡುತ್ತಿದ್ದ ನನ್ನ ಸೋದರಮಾವನಿಗೆ ಇದು ಬೆಂಗಳೂರಿನ ಕಲ್ಲು ಎಂದಾಗ ಅವರು ನಂಬಲಿಲ್ಲ. ಬೆರಳಿನ ಗಿಣ್ಣಿನಿಂದ ಎರಡು ಸಲ ತಟ್ಟಿದರು, ಅಂಗೈ ಇಟ್ಟು ತಣುಪು ನೋಡಿದರು, ‘ಇದ್ದರೂ ಇರಬಹುದು’ ಎಂದು ಸುಮ್ಮನಾದರು. ಅವರ ಪಕ್ಕದಲ್ಲಿ ಒಬ್ಬ ಮುದುಕ ಕಾಗದ ಒತ್ತಿ ಹಿಡಿದು ಪೆನ್ಸಿಲ್ ಉಜ್ಜಿ ಒಂದು ಹೆಸರಿನ ಅಚ್ಚು ತೆಗೆಯುತ್ತಿದ್ದ. (ಕಾಗದವನ್ನು ಅಲ್ಲಿನ ಸ್ವಯಂಸೇವಕರು ಕೊಡುತ್ತಾರೆ.) ನನ್ನ ಅತ್ತೆಯವರಿಗೆ ಮಾತ್ರ ಕಂಡದ್ದು ಕಲ್ಲಿನ ಮೇಲಿನ ಕೈಗುರುತುಗಳು. ‘ಯಾರಾದರೂ ಒರೆಸಬಾರದೇ?’ ಎಂದು ಕೇಳಿದರು. ಒರೆಸುತ್ತಾರೆ. ಬೆಳಗಿನ ಹೊತ್ತು ಸ್ವಯಂಸೇವಕರು ನೀರು, ಬ್ರಷ್ಷು ಹಿಡಿದು ಬಂದು ಗೋಡೆಯನ್ನು ತೊಳೆಯುತ್ತಾರೆ. ಅದನ್ನು ಕೇಳಿ ಅವರಿಗೆ ಸಮಾಧಾನವಾಯಿತು.

ಅಲ್ಲಿಂದ ಲಿಂಕನ್ ಐದು ನಿಮಿಷ, ಅಮ್ಮನ ಜೊತೆ ಹತ್ತು. 1922ರಲ್ಲಿ ಪೂರ್ತಿಯಾದ ಕಟ್ಟಡ, 36 ಕಂಬಗಳು; ಲಿಂಕನ್ ಸತ್ತಾಗ ಇದ್ದ ರಾಜ್ಯಗಳು ಅಷ್ಟು. ಒಳಗಿನ 19 ಅಡಿಯ ಮೂರ್ತಿ ಒಂದೇ ಕಲ್ಲಿನದ್ದಲ್ಲ, 28 ತುಂಡುಗಳನ್ನು ಜೋಡಿಸಿದ್ದು. ಬೆಸುಗೆ ಹುಡುಕುವ ಆಟಕ್ಕೆ ಮಗಳನ್ನು ಬಿಡಿ. ಮೇಲಿನ ಹಂತದಲ್ಲೇ 58 ಮೆಟ್ಟಿಲು. ಲಿಫ್ಟ್ ಇದೆ, ಆದರೆ ಅದನ್ನು ನಂಬಿ ಹೊರಡುವ ಮೊದಲು ಅಂದು ನಡೆಯುತ್ತಿದೆಯೇ ಎಂದು ರಾಷ್ಟ್ರೀಯ ಉದ್ಯಾನ ಸೇವೆಯ ಜಾಲತಾಣದಲ್ಲಿ ನೋಡಿಕೊಳ್ಳಿ. ನಡೆಯದಿದ್ದರೆ ಅಮ್ಮ ಕೆಳಗೇ ಕೂರಲಿ, ಕಂಬಗಳ ನಡುವೆ ಲಿಂಕನ್ ಅಲ್ಲಿಂದಲೂ ಕಾಣುತ್ತಾನೆ, ಎದುರಿಗೆ ನೀರು, ನೀರಿನಲ್ಲಿ ಸ್ತಂಭ. ಮೇಲೆ ಹೋದವರು ಎರಡು ಕೆಲಸ ಮಾಡಿ. ಒಂದು, ಮಾರ್ಟಿನ್ ಲೂಥರ್ ಕಿಂಗ್ 1963ರ ಆಗಸ್ಟ್ 28ರಂದು ನಿಂತು ಮಾತನಾಡಿದ ಜಾಗದ ಕಲ್ಲನ್ನು ಹುಡುಕಿ. ಮೂರ್ತಿಯಿಂದ ಕೆಲವು ಮೆಟ್ಟಿಲು ಕೆಳಗೆ, ಅಕ್ಷರ ಕೊರೆದಿದ್ದಾರೆ, ಜನ ತುಳಿದುಕೊಂಡೇ ಓಡಾಡುತ್ತಿರುತ್ತಾರೆ. ಇನ್ನೊಂದು, ಉತ್ತರದ ಗೋಡೆಯ ಭಾಷಣದಲ್ಲಿ ‘ಫ್ಯೂಚರ್’ ಎಂಬ ಪದವನ್ನು ನೋಡಿ. ಶಿಲ್ಪಿ ಎಫ್ ಬದಲು ಇ ಕೊರೆದುಬಿಟ್ಟಿದ್ದ. ಕೆಳಗಿನ ಗೆರೆಯನ್ನು ತುಂಬಿ ಮುಚ್ಚಿದ್ದಾರೆ, ಆದರೂ ಗೊತ್ತಾಗುತ್ತದೆ. ತಪ್ಪಿಲ್ಲದೆ ಬರೆಯಲು ಬೈಸಿಕೊಳ್ಳುವ ಮಕ್ಕಳಿಗೆ ಇದಕ್ಕಿಂತ ಪ್ರಿಯವಾದ ಗೋಡೆ ಇಲ್ಲ.

ದಕ್ಷಿಣದ ಗೋಡೆಯ ಮೇಲಿರುವುದು ಗೆಟ್ಟಿಸ್‌ಬರ್ಗ್ ಭಾಷಣ. ಅದನ್ನು ಅಪ್ಪ ಪೂರ್ತಿ ಓದಲಿ, ಚಿಕ್ಕದು. ಭಾನುವಾರ ಅದು ಮತ್ತೆ ಬರುತ್ತದೆ.

ಕತ್ತಲಾಗುವುದು ಒಂಬತ್ತರ ಹತ್ತಿರ. ಆಗ ಲಿಂಕನ್‌ನ ಬಲಗಡೆ, ಹುಲ್ಲಿನಾಚೆ, ಕೊರಿಯಾ ಯುದ್ಧದ ಸ್ಮಾರಕಕ್ಕೆ ಹೋಗಿ. ಮಳೆಯಂಗಿ ತೊಟ್ಟ 19 ಉಕ್ಕಿನ ಸೈನಿಕರು ಪೊದೆಗಳ ನಡುವೆ ಹೆಜ್ಜೆ ಹಾಕುತ್ತಿದ್ದಾರೆ. ಪಕ್ಕದ ನುಣುಪು ಗೋಡೆಯಲ್ಲಿ ಅವರ ನೆರಳು ಸೇರಿದರೆ 38, ಕೊರಿಯಾವನ್ನು ಸೀಳಿದ ಅಕ್ಷಾಂಶ. ಕಾಲುದಾರಿಯ ಅಂಚುಕಲ್ಲಿನಲ್ಲಿ ಸಹಾಯಕ್ಕೆ ಬಂದ 22 ದೇಶಗಳ ಹೆಸರಿವೆ, ಭಾರತದ್ದೂ ಇದೆ. ನಾವು ಕಳಿಸಿದ್ದು ಹೋರಾಡುವ ಪಡೆಯನ್ನಲ್ಲ, ವೈದ್ಯಕೀಯ ತುಕಡಿಯನ್ನು. ಯುದ್ಧ ನಿಂತ ಮೇಲೆ, ಮನೆಗೆ ಮರಳಲು ಒಪ್ಪದ ಕೈದಿಗಳ ವಿಲೇವಾರಿಗೆ ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಕೊಡಗಿನ ಜನರಲ್ ತಿಮ್ಮಯ್ಯ. ಈ ಸಂಗತಿ ಸ್ಮಾರಕದಲ್ಲಿ ಕಾಣುವುದಿಲ್ಲ, ನೀವೇ ಅಪ್ಪನಿಗೆ ಹೇಳಬೇಕು, ಅಥವಾ ಅಪ್ಪನೇ ನಿಮಗೆ ಹೇಳಬಹುದು. ಇಲ್ಲಿಗೆ ನಡೆದದ್ದು ಒಟ್ಟು ಒಂದು ಮೈಲಿಯೊಳಗೆ. ಕಾಲು ಮೈಲಿ ಮುಂದೆ ಕಿಂಗ್ ಸ್ಮಾರಕವಿದೆ. ಅಮ್ಮನ ಮುಖ ನೋಡಿ ತೀರ್ಮಾನಿಸಿ, ‘ನನಗೇನಿಲ್ಲ, ನಡೀರಿ’ ಎಂಬ ಅವರ ಮಾತನ್ನು ನೋಡಿ ಅಲ್ಲ.

ಪಾದರಕ್ಷೆಯ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಪ್ರವಾಸದ ಹಿಂದಿನ ದಿನ ಅಮ್ಮನಿಗೆ ಹೊಸ ಸ್ಪೋರ್ಟ್ಸ್ ಶೂ ಕೊಡಿಸುವುದು ಇಲ್ಲಿನ ಮಕ್ಕಳೆಲ್ಲ ಮಾಡುವ ತಪ್ಪು. ಸೀರೆಯ ನೆರಿಗೆಗೆ ತೊಡರುವ, ಹಿಮ್ಮಡಿ ಕಚ್ಚುವ ಆ ಶೂಗಿಂತ ಅವರ ಹಳೆಯ ಚಪ್ಪಲಿಯೇ ಮೇಲು. ಕೊಡಿಸುವುದಾದರೆ ಮೂರು ವಾರ ಮೊದಲೇ ಕೊಡಿಸಿ, ಮನೆಯ ಸುತ್ತ ನಡೆಸಿ ಪಳಗಿಸಿ. ಕೊಡೆ ತನ್ನಿ. ಬಿಸಿಲಿಗೆ ಕೊಡೆ ಹಿಡಿದರೆ ಇಲ್ಲಿಯವರು ತಿರುಗಿ ನೋಡುತ್ತಾರೆ, ನೋಡಲಿ. ಸಂಜೆಗೆ ಗುಡುಗು ಮಳೆಯೂ ಬರಬಹುದು.

ಶನಿವಾರ ಬೆಳಿಗ್ಗೆ ಪೂರ್ವದ ತುಂಡು. ಎಲ್ಲರೂ ಕ್ಯಾಪಿಟಲ್ ಒಳಗಿನ ಸುತ್ತಾಟಕ್ಕೆ ಟಿಕೆಟ್ ಹಿಡಿಯುತ್ತಾರೆ. ನಾನು ಎದುರಿನ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಓಟು ಹಾಕುತ್ತೇನೆ. ಯೂನಿಯನ್ ಸ್ಟೇಷನ್‌ಗೆ ಅದೇ ಕೆಂಪು ಮಾರ್ಗ, ಅಲ್ಲಿಂದ ಗುಡ್ಡದ ಮೇಲಕ್ಕೆ ಐದು ನಿಮಿಷದ ಟ್ಯಾಕ್ಸಿ. ಉಚಿತ, ಆದರೆ ಹೊತ್ತು ಗೊತ್ತುಮಾಡಿದ ಪಾಸು ಮೊದಲೇ ತೆಗೆದಿರಬೇಕು. ಹತ್ತು ಗಂಟೆಯದ್ದನ್ನೇ ತೆಗೆಯಿರಿ. 1897ರ ಜೆಫರ್ಸನ್ ಕಟ್ಟಡದ ಮೆಟ್ಟಿಲ ಸಭಾಂಗಣಕ್ಕೆ ಕಾಲಿಟ್ಟರೆ ನಮ್ಮವರ ಬಾಯಲ್ಲಿ ಬರುವ ಮೊದಲ ಮಾತು ‘ಮೈಸೂರು ಅರಮನೆ’. 1814ರಲ್ಲಿ ಬ್ರಿಟಿಷರು ಹಳೆಯ ಗ್ರಂಥಾಲಯವನ್ನು ಸುಟ್ಟಾಗ ಮಾಜಿ ಅಧ್ಯಕ್ಷ ಜೆಫರ್ಸನ್ ತನ್ನ ಸ್ವಂತದ 6,487 ಪುಸ್ತಕಗಳನ್ನು ಮಾರಿ ಮತ್ತೆ ಶುರು ಮಾಡಿಸಿದ. ಇದಕ್ಕೆ ದೆಹಲಿಯಲ್ಲೊಂದು ಕಚೇರಿ ಇದೆ, 1960ರ ದಶಕದಿಂದ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಕಳಿಸುತ್ತದೆ, ಕನ್ನಡದ್ದನ್ನೂ. ನಮ್ಮ ಊರಿನ ಗ್ರಂಥಾಲಯದಲ್ಲಿ ಸಿಗದ ಎಷ್ಟೋ ಕನ್ನಡ ಪುಸ್ತಕ ಇಲ್ಲಿನ ಕಪಾಟಿನಲ್ಲಿ ತಣ್ಣಗೆ ಕುಳಿತಿದೆ.

ಹೊರಗೆ ಬಂದು ಕ್ಯಾಪಿಟಲ್‌ನ ಪಶ್ಚಿಮಕ್ಕೆ ಇಳಿಜಾರಿನಲ್ಲಿ ನಡೆಯಿರಿ. ಇಳಿಯುವ ದಿಕ್ಕು, ಆದರೂ ಅಮ್ಮನ ಮೊಣಕಾಲಿಗಾಗಿ ನಿಧಾನವಾಗಿ. ಅಲ್ಲಿ ನಿಂತರೆ ಎರಡು ಮೈಲಿಯೂ ಒಂದೇ ನೋಟಕ್ಕೆ ಬರುತ್ತದೆ. ನಿನ್ನೆ ಸಂಜೆ ಎಲ್ಲಿ ಕುಳಿತಿದ್ದಿರಿ ಎಂದು ಅಮ್ಮನೇ ತೋರಿಸಲಿ. ಸ್ತಂಭದ ಕೆಳಗಿನ ಸುಮಾರು 150 ಅಡಿ ಒಂದು ಬಣ್ಣ, ಮೇಲಿನದ್ದು ಇನ್ನೊಂದು ಬಣ್ಣ. 1854ರಲ್ಲಿ ಹಣ ಮುಗಿದು ಇಪ್ಪತ್ತಕ್ಕೂ ಹೆಚ್ಚು ವರ್ಷ ಮೊಂಡಾಗಿ ನಿಂತಿತ್ತು, ಮತ್ತೆ ಕಟ್ಟುವಾಗ ಬೇರೆ ಗಣಿಯ ಕಲ್ಲು ಬಂತು. ಅರ್ಧಕ್ಕೆ ನಿಂತ ಮನೆ ನೋಡಿದವರಿಗೆ ವಿವರಣೆ ಬೇಕಾಗುವುದಿಲ್ಲ.

ಮಧ್ಯಾಹ್ನದ ಬಿಸಿಲಿಗೆ ಒಳಗೆ ಸೇರಿಕೊಳ್ಳಿ. ಸ್ಮಿತ್ಸೋನಿಯನ್ ಸಂಸ್ಥೆಯ ಇಲ್ಲಿನ ವಸ್ತುಸಂಗ್ರಹಾಲಯಗಳಿಗೆಲ್ಲ ಪ್ರವೇಶ ಉಚಿತ. ಅದಕ್ಕೆ ಆಸ್ತಿ ಬರೆದಿಟ್ಟ ಜೇಮ್ಸ್ ಸ್ಮಿತ್ಸನ್ ಎಂಬ ಇಂಗ್ಲಿಷ್ ವಿಜ್ಞಾನಿ ಬದುಕಿದ್ದಾಗ ಅಮೆರಿಕಕ್ಕೆ ಕಾಲೇ ಇಟ್ಟಿರಲಿಲ್ಲ. ನ್ಯಾಚುರಲ್ ಹಿಸ್ಟರಿಗೆ ಟ್ಯಾಕ್ಸಿಯಲ್ಲಿ ಹೋಗಿ, ವಿಚಾರಣೆಯ ಮೇಜಿನಲ್ಲಿ ಗಾಲಿಕುರ್ಚಿ ಕೇಳಿ. ಒಳಗೆ ಬಳಸಲು ಪುಕ್ಕಟೆ ಕೊಡುತ್ತಾರೆ. ಅಮ್ಮ ಮೊದಲು ಬೇಡವೆನ್ನುತ್ತಾರೆ, ಹತ್ತು ನಿಮಿಷದ ನಂತರ ಮೊಮ್ಮಗಳು ತಳ್ಳುವ ಕುರ್ಚಿಯಿಂದ ಇಳಿಯುವುದಿಲ್ಲ. ಎರಡನೆಯ ಮಹಡಿಯಲ್ಲಿ ಹೋಪ್ ವಜ್ರ, 45.52 ಕ್ಯಾರಟ್, ನೀಲಿ. ಕೃಷ್ಣಾ ನದಿಯ ದಂಡೆಯ ಕೊಲ್ಲೂರು ಗಣಿಯಿಂದ (ಆಂಧ್ರದ್ದು, ನಮ್ಮ ಮೂಕಾಂಬಿಕೆಯ ಕೊಲ್ಲೂರಲ್ಲ) ಫ್ರಾನ್ಸಿನ ದೊರೆಗೆ ಹೋಗಿ, ಕ್ರಾಂತಿಯಲ್ಲಿ ಕಳುವಾಗಿ, ಕೈ ಬದಲಾಯಿಸುತ್ತ ಇಲ್ಲಿಗೆ ಬಂತು. 1958ರಲ್ಲಿ ಅದನ್ನು ದಾನ ಮಾಡಿದ ಹ್ಯಾರಿ ವಿನ್‌ಸ್ಟನ್ ನ್ಯೂಯಾರ್ಕಿನಿಂದ ಕಂದು ಕಾಗದ ಸುತ್ತಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದರು. ಅಂಚೆ ವೆಚ್ಚ 2 ಡಾಲರ್ 44 ಸೆಂಟು. ವಿಮೆಯ ಕಂತು ಸೇರಿ 145 ಡಾಲರ್ ಚಿಲ್ಲರೆ. ಅಂಚೆ ಕಚೇರಿಯನ್ನು ನಂಬಿದ ತಲೆಮಾರಿನ ನಿಮ್ಮ ಅಪ್ಪನಿಗೆ ವಜ್ರಕ್ಕಿಂತ ಈ ಕತೆ ಹಿಡಿಸಬಹುದು.

ಊಟಕ್ಕೆ ಒಳಗಿನ ಕ್ಯಾಂಟೀನುಗಳಲ್ಲಿ ಸಸ್ಯಾಹಾರವೆಂದರೆ ಪಿಜ್ಜಾ, ಹುರಿದ ಆಲೂಗಡ್ಡೆ, ಸೊಪ್ಪಿನ ರಾಶಿ. ಬುತ್ತಿ ಕಟ್ಟಿಕೊಂಡು ಬನ್ನಿ. ಮೊಸರನ್ನ ಬೇಡ, ಈ ಸೆಕೆಗೆ ಹುಳಿಯುತ್ತದೆ. ಪುಳಿಯೋಗರೆ, ಚಪಾತಿ, ಚಟ್ನಿಪುಡಿ ತಡೆಯುತ್ತವೆ. ಮಂಡಕ್ಕಿಯ ಬಗ್ಗೆ ದಾವಣಗೆರೆಯವರಿಗೆ ನಾನು ಹೇಳುವುದೇನಿದೆ. ಮಾಲ್‌ನ ಎರಡೂ ಬದಿ ಎಲ್ಮ್ ಮರಗಳ ಸಾಲು, ಕೆಳಗೆ ಬೆಂಚು. ಜುಲೈ 4ರ ಸ್ವಾತಂತ್ರ್ಯ ದಿನದ ಸಿದ್ಧತೆಗೆ ಅಲ್ಲಲ್ಲಿ ಬೇಲಿ ಹಾಕಿರಬಹುದು, ನೆರಳಿಗೇನೂ ಕೊರತೆಯಾಗುವುದಿಲ್ಲ.

ಆಮೇಲೆ ಐವರೂ ಒಟ್ಟಿಗೇ ಇರಬೇಕೆಂಬ ಹಠ ಬಿಡಿ. ನಿಮ್ಮಲ್ಲೊಬ್ಬರು ಅಪ್ಪನನ್ನೂ ಮಗಳನ್ನೂ ಏರ್ ಅಂಡ್ ಸ್ಪೇಸ್‌ಗೆ ಕರೆದೊಯ್ಯಲಿ (ಇದಕ್ಕೂ ಉಚಿತ ಪಾಸು ಮೊದಲೇ ತೆಗೆಯಬೇಕು). ರೈಟ್ ಸಹೋದರರ 1903ರ ವಿಮಾನ ಅಲ್ಲಿದೆ. ಇನ್ನೊಬ್ಬರು ಅಮ್ಮನೊಡನೆ ಹುಲ್ಲು ದಾಟಿ ಎದುರಿನ ಫ್ರೀಯರ್‌ಗೆ ಹೋಗಲಿ. ಏಷ್ಯಾದ ಕಲೆಗೆ ಮೀಸಲಾದ, 1923ರಲ್ಲಿ ತೆರೆದ ಈ ಕಟ್ಟಡದಲ್ಲಿ ಜನ ಕಡಿಮೆ, ತಂಪು ಹೆಚ್ಚು. ಚೋಳರ ಕಾಲದ ಕಂಚುಗಳಿವೆ. ನನ್ನ ತಾಯಿ ಒಂದರ ಮುಂದೆ ಚಪ್ಪಲಿ ಕಳಚಿ ನಿಂತರು. ಕಾವಲುಗಾರ ನೋಡಿದ, ಏನೂ ಹೇಳಲಿಲ್ಲ.

ಶ್ವೇತಭವನ? ಲಫಾಯೆಟ್ ಚೌಕದ ಬೇಲಿಯಿಂದ ಹತ್ತು ನಿಮಿಷ, ಒಂದು ಫೋಟೊ. ಒಳಗೆ ಹೋಗುವ ವ್ಯವಸ್ಥೆ ನಿಮ್ಮ ಒಂದೂವರೆ ದಿನಕ್ಕೆ ಆಗುವಂಥದ್ದಲ್ಲ. ಆದರೆ ಊರಿಗೆ ಹೋಗಿ ತೋರಿಸಲು ಆ ಫೋಟೊ ಬೇಕೇ ಬೇಕು, ಅದನ್ನು ತಪ್ಪಿಸಬೇಡಿ. ವಾಪಸಾಗುವಾಗ ಕೆಂಪು ಮಾರ್ಗದಲ್ಲೇ ಡ್ಯೂಪಾಂಟ್ ಸರ್ಕಲ್ ಬರುತ್ತದೆ. ಕಾಲಿಗೆ ಇನ್ನೂ ಶಕ್ತಿ ಇದ್ದರೆ ಇಳಿಯಿರಿ. ಭಾರತದ ರಾಯಭಾರ ಕಚೇರಿಯ ಎದುರು ಗಾಂಧೀಜಿ ಕೋಲೂರಿ ಹೆಜ್ಜೆ ಹಾಕುತ್ತಿದ್ದಾರೆ. 2000ದಲ್ಲಿ ವಾಜಪೇಯಿಯವರು ಅನಾವರಣ ಮಾಡಿದ್ದು.

ಭಾನುವಾರ ಬೇಗ ಎದ್ದು ಐ-270 ಹಿಡಿಯಿರಿ. ಫ್ರೆಡರಿಕ್ ದಾಟಿ ಯುಎಸ್-15ಕ್ಕೆ ತಿರುಗಿದರೆ, ಒಂದೂಕಾಲು ತಾಸಿನಲ್ಲಿ ಗೆಟ್ಟಿಸ್‌ಬರ್ಗ್. ಅಪ್ಪ ಗೋಡೆಯ ಮೇಲೆ ಓದಿದ ಆ ಭಾಷಣವನ್ನು ಲಿಂಕನ್ 1863ರ ನವೆಂಬರ್ 19ರಂದು ಮಾಡಿದ್ದು ಅಲ್ಲಿನ ಯೋಧರ ಸ್ಮಶಾನದಲ್ಲಿ. ಒಳಗೆ ಹೋಗಲು ಟಿಕೆಟ್ ಇಲ್ಲ, ಮರಗಳಿವೆ, ಸಾಲು ಸಾಲು ಚಿಕ್ಕ ಕಲ್ಲುಗಳು, ಎಷ್ಟೋ ಕಲ್ಲಿನ ಮೇಲೆ ಹೆಸರಿನ ಬದಲು ಬರೀ ಒಂದು ಅಂಕಿ. ಅರ್ಧ ಗಂಟೆ ನಿಲ್ಲಿ, ಹೆಚ್ಚು ಬೇಡ. ಅಲ್ಲಿಂದ ನಯಾಗರ ಇನ್ನೂ ಆರು ಗಂಟೆಗೂ ಮೀರಿದ ದಾರಿ, ಹ್ಯಾರಿಸ್‌ಬರ್ಗ್ ದಾಟಿದ ಮೇಲೆ ಬೆಟ್ಟದ ರಸ್ತೆಯಲ್ಲಿ ಒಳ್ಳೆಯ ಕಾಫಿ ಸಿಗುವುದು ಕಷ್ಟ. ಹೋಟೆಲಿನಿಂದ ಹೊರಡುವಾಗಲೇ ಫ್ಲಾಸ್ಕ್ ತುಂಬಿಸಿಕೊಳ್ಳಿ.